ರೇಶಮ್ ಜಾನಳ ಮಂಡಿ ಡಾಕ್ಟರು

ರೇಶಮ್ ಜಾನಳ ಎದೆ ಬೀಳತೊಡಗಿ ಮೂರು ವರ್ಷವಾಗಿತ್ತು. ಹಿಟ್ಟು ನಾದುತ್ತಿರುವಾಗಲೋ, ಬಸ್ಸಿಗೆ ಕಾಯುತ್ತಿರುವಾಗಲೋ, ಹಗ್ಗ ತುಂಡಾದ ಬಿಂದಿಗೆ ಬಾವಿಗೆ ಬಿದ್ದ ಹಾಗೆ ಎದೆ ಸರ್ರನೆ ಇಳಿದುಹೋಗುತ್ತಿತ್ತು. ಕೈಕಾಲಿನ ಬಲವೆಲ್ಲ ಅದರ ಹಿಂದೆಯೇ ಹೋಗುತ್ತಿತ್ತು. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಅವರ ಬೀದಿಯಲ್ಲಿ ಎಂಬತ್ತು ಮನೆ, ಅದರಲ್ಲಿ ಎಪ್ಪತ್ತು ಮನೆಯವರು ಪಾಕಿಸ್ತಾನದ ಕಾಶ್ಮೀರ ಭಾಗದ ಮೀರ್‌ಪುರದ ಕಡೆಯವರೇ. ಆ ಹೆಂಗಸರಲ್ಲಿ ಯಾರಿಗೆ "ಎದೆ ಬೀಳ್ತಾ ಇದೆ" ಎಂದಿದ್ದರೂ ಸಾಕಿತ್ತು, ಒಂದು ಲೋಟ ಚಹಾ ಮುಂದಿಟ್ಟು, ಯಾರ ಚಿಂತೆ ಹಚ್ಚಿಕೊಂಡಿದ್ದೀಯೆ ಎಂದು ಕೇಳುತ್ತಿದ್ದರು. ಅದಕ್ಕೇ ಅವಳು ಅವರಲ್ಲಿ ಯಾರಿಗೂ ಹೇಳಲಿಲ್ಲ. ಡಾಕ್ಟರಿಗೆ ಹೇಳಿದಳು.

ಡಾಕ್ಟರು ಫೋನಿನಲ್ಲಿದ್ದರು. ನಡುವೆ ಒಬ್ಬ ದುಭಾಷಿ, ಅವನೂ ಫೋನಿನಲ್ಲೇ. ಕರಾಚಿಯ ಚೊಕ್ಕ ಉರ್ದುವಿನವನು. ಬೆಟ್ಟದ ಸೀಮೆಯ ಇವಳ ಮಾತು ಅವನಿಗೆ ಅರ್ಧ ಅರ್ಥವಾಯಿತು, ಉಳಿದರ್ಧವನ್ನು ಅವನೇ ತುಂಬಿಕೊಂಡ. "ಎದೆ ಬೀಳ್ತಾ ಇದೆ" ಎಂಬುದು ಆ ತುದಿಯಲ್ಲಿ "ಹೃದಯ ನಿಲ್ಲುತ್ತಿದೆ" ಎಂದು ಇಳಿಯಿತು. ಹತ್ತು ನಿಮಿಷಕ್ಕೆ ಆಂಬುಲೆನ್ಸು ಬಾಗಿಲಲ್ಲಿ.

ಬೀದಿಗೆ ಬೀದಿಯೇ ಹೊರಗೆ ಬಂತು. ಹಸಿರು ಅಂಗಿಯ ಇಬ್ಬರು ಅವಳನ್ನು ಸೋಫಾದ ಮೇಲೆ ಮಲಗಿಸಿ ಎದೆಗೆ ವೈರು ಅಂಟಿಸಿ ನೋಡಿದರು. ಹೃದಯ ಗಟ್ಟಿಮುಟ್ಟಾಗಿತ್ತು. ಇಪ್ಪತ್ತು ವರ್ಷದ ಹುಡುಗಿಯ ಹೃದಯದ ಹಾಗಿದೆ ಎಂದು ಅವರಲ್ಲೊಬ್ಬ ಹೇಳಿದಾಗ, ಬಾಗಿಲಲ್ಲಿ ನಿಂತಿದ್ದ ಗಂಡ ಕರಮ್‌ದಾದ್ ಅನುಮಾನದಿಂದ ಅವಳ ಮುಖ ನೋಡಿದ. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ರೇಶಮ್ ಜಾನ್ ವೈರು ಕಿತ್ತು ಎದ್ದು ಇಬ್ಬರಿಗೂ ಆಲೂ ಪರಾಠ ಕಾಯಿಸಿ ಕೊಟ್ಟಳು. ಅವರು ತಿಂದು, ಇನ್ನೊಂದು ಕಟ್ಟಿಸಿಕೊಂಡು ಹೋದರು.

ಎದುರು ಮನೆಯ ಮಖ್ಖನ್ ಬೀ ಇಷ್ಟನ್ನೂ ಕಿಟಕಿಯ ಪರದೆ ಸರಿಸಿ ನೋಡಿದ್ದಳು. ಮಖ್ಖನ್ ಎಂದರೆ ಬೆಣ್ಣೆ. ಹೆಸರಿಟ್ಟವರು ಅವಳ ನಾಲಿಗೆಯನ್ನು ಕಂಡಿರಲಿಲ್ಲ. ಬೀದಿಯ ಸುದ್ದಿಯೆಲ್ಲ ಅವಳ ಮನೆಗೆ ಬಂದು ಮುದ್ರೆ ಒತ್ತಿಸಿಕೊಂಡೇ ಮುಂದಿನ ಮನೆಗೆ ಹೋಗಬೇಕು. ಆಂಬುಲೆನ್ಸು ತಿರುವು ದಾಟುವ ಮೊದಲೇ ಅವಳು ಒಳಗೆ ಬಂದು ಕೂತಾಗಿತ್ತು. ರೇಶಮ್ ಜಾನ್ ಬಾಯಿಗೆ ಬಂದದ್ದನ್ನು ಹೇಳಿದಳು: ಮಂಡಿ ನೋವು. ಮಂಡಿ ನೋವಿಗೆ ಎದೆಗೇಕೆ ವೈರು ಹಾಕಿದರು ಎಂದು ಮಖ್ಖನ್ ಬೀ ಕೇಳಿದಳು. ಈ ದೇಶದಲ್ಲಿ ಹಾಗೇ, ಎಲ್ಲವನ್ನೂ ಮೇಲಿನಿಂದ ಶುರುಮಾಡುತ್ತಾರೆ ಎಂದಳು ರೇಶಮ್ ಜಾನ್.

ರೇಶಮ್ ಜಾನ್ ಹಾಗೆಲ್ಲ ಕುಸಿಯುವ ಪೈಕಿ ಅಲ್ಲ. ಅರವತ್ತಾರು ವರ್ಷ, ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ನಗು. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವಳು ಈ ಊರಿನ ಚಳಿಯನ್ನೂ ಉಣ್ಣೆ ಗಿರಣಿಯ ಪಾಳಿಯನ್ನೂ ಪಳಗಿಸಿದ್ದಳು. ಅದಕ್ಕಿಂತ ಹೆಚ್ಚಾಗಿ ಅವಳು ಆ ಭಾಗದ ಹೆಂಗಸರ ಮಯ್ಯತ್ತಿಗೆ, ಅಂದರೆ ಶವಕ್ಕೆ, ಸ್ನಾನ ಮಾಡಿಸುವವಳು. ಯಾರ ಮನೆಯಲ್ಲಿ ಹೆಂಗಸು ತೀರಿಕೊಂಡರೂ ಮೊದಲ ಫೋನು ಅವಳಿಗೆ. ಮೂವತ್ತು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಹೆಂಗಸರನ್ನು, ಎಳೆಗೂಸುಗಳಿಂದ ಹಿಡಿದು ನೂರು ದಾಟಿದವರವರೆಗೆ, ಮೀಯಿಸಿ ಕಫನ್ನಿನ ಬಿಳಿ ಬಟ್ಟೆ ಉಡಿಸಿ ಕಳಿಸಿಕೊಟ್ಟಿದ್ದಳು. ಅದಕ್ಕೊಂದು ಕೂಲಿ ಇಲ್ಲ, ಸಂಬಳ ಇಲ್ಲ, ಪುಣ್ಯದ ಕೆಲಸ. ಜಗಳಕ್ಕೆ ಬಂದವರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು:

"ಈಗ ಎಷ್ಟು ಬೇಕಾದ್ರೂ ಹಾರಾಡ್ರೇ. ಕೊನೆಗೆ ನನ್ನ ಕೈಗೇ ಬರ್ತೀರ."

ಆದರೆ ಮೂರು ವರ್ಷದಿಂದ ಅವಳು ಮಸೀದಿಯ ಮೀಯಿಸುವ ಕೋಣೆಯ ಕಡೆ ತಲೆ ಹಾಕಿರಲಿಲ್ಲ. ಮಣಿಕಟ್ಟು ನೋವು ಎಂದು ಹೇಳಿದ್ದಳು. ವಯಸ್ಸಾಯಿತಲ್ಲ ಎಂದು ಜನ ನಂಬಿದ್ದರು.

ಕರಮ್‌ದಾದ್‌ಗೆ ಇದು ದೃಷ್ಟಿಯೆಂದೇ ಗುಮಾನಿ. ಬೆಟ್ಟದಾಚೆಯ ಊರಿನ ಒಬ್ಬ ಪೀರ್ ಸಾಹೇಬರ ಹತ್ತಿರ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ. ದಾರಿಯುದ್ದಕ್ಕೂ ಅವಳು ಅವನ ಡ್ರೈವಿಂಗಿಗೆ ತಪ್ಪು ಹಿಡಿದಳು. ಪೀರ್ ಸಾಹೇಬರು ಬಿಳಿ ಗಡ್ಡದ ಸಾವಧಾನದ ಮನುಷ್ಯ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಅಳು ಬರುತ್ತದೆಯೇ ಎಂದೆಲ್ಲ ವಿಚಾರಿಸಿದರು. ಅಳು ಬರುವುದಿಲ್ಲ ಎಂದಳು. ಅವರು ಒಂದು ಬಾಟಲಿ ನೀರಿಗೆ ದುವಾ ಊದಿ ಕೊಟ್ಟು, ಕರಮ್‌ದಾದ್‌ನನ್ನು ಪಕ್ಕಕ್ಕೆ ಕರೆದರು. ಆದರೆ ಅವರ ಪಿಸುಮಾತೂ ಮಸೀದಿಯಲ್ಲಿ ಪಳಗಿದ ಗಂಟಲಿನದು, ಅವಳಿಗೆ ಕೇಳಿಯೇ ಕೇಳಿತು.

"ಜಿನ್ನೂ ಇಲ್ಲ ಗಿನ್ನೂ ಇಲ್ಲ ಕರಮ್‌ದಾದ್ ಸಾಹೇಬ್. ಇದ್ದಿದ್ರೂ ನಿಮ್ಮ ಮನೆಯವರ ಬಾಯಿಗೆ ಹೆದರಿ ಎಂದೋ ಓಡಿಹೋಗಿರೋದು. ನೀರೂ ಕುಡೀಲಿ, ಮನಸ್ಸಿನ ಡಾಕ್ಟರ ಹತ್ರಾನೂ ಹೋಗ್ಲಿ. ನನ್ನ ತಮ್ಮನ್ನೂ ಅಲ್ಲಿಗೇ ಕಳ್ಸಿದ್ದೆ."

ಬರುವಾಗ ಅವಳು ಡ್ರೈವಿಂಗಿಗೆ ಒಂದೂ ತಪ್ಪು ಹಿಡಿಯಲಿಲ್ಲ. ಮನಸ್ಸಿನ ಡಾಕ್ಟರೆಂದರೆ ಹುಚ್ಚರ ಡಾಕ್ಟರು. ಹುಚ್ಚರ ಡಾಕ್ಟರ ಬಾಗಿಲು ತುಳಿದವಳ ಕೈಯಲ್ಲಿ ನಾಳೆ ಯಾರು ತಮ್ಮ ತಾಯಿಯ ಮಯ್ಯತ್ ಮುಟ್ಟಿಸಿಯಾರು? ಸೊಸೆ ತಹ್ಮೀನಾ ದಾರಿ ತೋರಿಸಿದಳು. ಅವಳು ಈ ಊರಲ್ಲೇ ಹುಟ್ಟಿ ಬೆಳೆದವಳು, ಔಷಧಿ ಅಂಗಡಿಯಲ್ಲಿ ಕೆಲಸ, ಅತ್ತೆಯ ಎದುರು ನಗದೆ ತಮಾಷೆ ಮಾಡಬಲ್ಲವಳು. ಹೆಸರು ಬರೆಸಿ ಬಂದು, ಮನಸ್ಸಿನ ಡಾಕ್ಟರಿರುವ ಕಟ್ಟಡದ ಮೇಲಿನ ಮಹಡಿಯಲ್ಲಿ ಮಂಡಿಗೆ ವ್ಯಾಯಾಮ ಮಾಡಿಸುವವರೂ ಇದ್ದಾರೆ ಎಂಬ ಸಂಗತಿ ತಿಳಿಸಿದಳು.

"ಮಂಡಿ ಡಾಕ್ಟರ್ ಹತ್ರ ಹೋಗ್ತೀನಿ ಅಂತ ಮನೆ ಬಿಡಿ ಅಮ್ಮೀ. ಬಾಗಿಲು ಒಂದೇ. ಅಲ್ಲಿಂದ ಮೇಲೆ ಹತ್ತಿದ್ರಾ, ಎಡಕ್ಕೆ ತಿರುಗಿದ್ರಾ ಅಂತ ಯಾರು ನೋಡ್ತಾರೆ?"

ಎಡಕ್ಕೆ ತಿರುಗಿದ ಕೋಣೆಯಲ್ಲಿ ಹೆದರ್ ಎಂಬ ಮೂವತ್ತರ ಹುಡುಗಿ ಕೂತಿದ್ದಳು. ಕೆಂಚು ಕೂದಲು, ಮೂಗಿನ ಮೇಲೆ ಚುಕ್ಕಿ ಚುಕ್ಕಿ. ಎರಡು ಕುರ್ಚಿ, ಒಂದು ಸೋಫಾ, ಉದ್ದದ ಒಂದು ನೀಲಿ ದಿಂಬು, ಮೇಜಿನ ಮೇಲೆ ಖರ್ಜೂರದ ತಟ್ಟೆ. ಖರ್ಜೂರ ಇವಳಿಗಾಗಿಯೇ ತರಿಸಿದ್ದಿರಬೇಕು. ಪಕ್ಕದಲ್ಲಿ ಅಂಬರೀನ್ ಎಂಬ ದುಭಾಷಿ, ಇವರದೇ ಸೀಮೆಯ ಮಾತಿನವಳು. ರೇಶಮ್ ಜಾನ್ ಕೂತವಳೇ ಮೊದಲು ಅವಳ ಮನೆತನ ವಿಚಾರಿಸಿದಳು. ಮಖ್ಖನ್ ಬೀಯ ತಂಗಿಯ ಮೊಮ್ಮಗಳು. ರೇಶಮ್ ಜಾನ್ ಎದ್ದು ನಿಂತಳು. ಇಲ್ಲಿಯ ಮಾತು ಹೊರಗೆ ಹೋದರೆ ತನ್ನ ಕೆಲಸ ಹೋಗುತ್ತದೆ ಎಂದು ಅಂಬರೀನ್ ಗಲ್ಲ ಹಿಡಿದು ಬೇಡಿದಳು.

"ಕೆಲಸದ ಮಾತು ಹಾಗಿರ್ಲಿ. ನಾನು ಯಾರು ಅಂತ ಗೊತ್ತಲ್ಲ ಮಗಾ? ಒಂದಿನ ನೀನೂ ನನ್ನ ಕೈಗೇ ಬರ್ಬೇಕು."

ಅಂಬರೀನ್ ಆಣೆ ಮಾಡಿದಳು. ಏನು ನಡೆಯುತ್ತಿದೆ ಎಂದು ಹೆದರ್ ಕೇಳಿದ್ದಕ್ಕೆ, ಪರಿಚಯ ಮಾಡಿಕೊಳ್ಳುತ್ತಿದ್ದೇವೆ ಎಂದಳು.

ಹೆದರ್ ಅವಳನ್ನು "ಮಿಸೆಸ್ ಜಾನ್" ಎಂದು ಕರೆದಳು. ರೇಶಮ್ ಜಾನಳಿಗೆ ನಗು ಬಂತು. ಜಾನ್ ಎಂದರೆ ಮನೆತನದ ಹೆಸರಲ್ಲ, ಜೀವ, ಪ್ರಾಣ, ಮುದ್ದು. ಈ ದೇಶದ ಕಾಗದಗಳಲ್ಲಿ ನಲವತ್ತೇಳು ವರ್ಷದಿಂದ ತಾನು ಮುದ್ದಿನ ಶ್ರೀಮತಿಯಾಗಿದ್ದೇನೆ, ತನ್ನ ಗಂಡನೇ ಹಾಗೆ ಒಂದು ದಿನವೂ ಕರೆದವನಲ್ಲ ಎಂದಳು. ಹೆದರ್ ಕಿವಿಯವರೆಗೆ ಕೆಂಪಾಗಿ, ಮತ್ತೇನೆಂದು ಕರೆಯಲಿ ಎಂದು ಕೇಳಿದಳು. ಊರಿಗೆಲ್ಲ ತಾನು ಖಾಲಾ, ಚಿಕ್ಕಮ್ಮ. ಅವಳೂ ಹಾಗೇ ಕರೆಯಲಿ.

ಆಮೇಲೆ ಪ್ರಶ್ನೆಗಳ ಹಾಳೆ ಬಂತು. ಈ ಎರಡು ವಾರದಲ್ಲಿ ಇಂಟರೆಸ್ಟ್ ಕಡಿಮೆಯಾಗಿದೆಯೇ ಎಂಬುದು ಮೊದಲನೆಯದು. ಇಂಗ್ಲಿಷಿನ ಆ ಒಂದು ಪದ ರೇಶಮ್ ಜಾನಳಿಗೆ ಚೆನ್ನಾಗಿ ಗೊತ್ತಿತ್ತು. ಅಂಬರೀನ್ ಬಾಯಿ ತೆರೆಯುವ ಮೊದಲೇ, ತೌಬಾ ತೌಬಾ, ತಮ್ಮ ಮನೆಯಲ್ಲಿ ಬಡ್ಡಿ ಕೊಟ್ಟವರೂ ಇಲ್ಲ, ತಿಂದವರೂ ಇಲ್ಲ ಎಂದುಬಿಟ್ಟಳು. ಕೇಳಿದ್ದು ಆಸಕ್ತಿಯನ್ನು, ಬಡ್ಡಿಯನ್ನಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಹಾಳೆಯ ಕೊನೆಯ ಪ್ರಶ್ನೆಗೆ ಬರುವಾಗ ಹೆದರ್ ದನಿ ತಗ್ಗಿಸಿದಳು. ಸಾವಿನ ಯೋಚನೆ ಬರುತ್ತದೆಯೇ?

"ದಿನಾ ಬರುತ್ತೆ. ಐದು ಹೊತ್ತಿನ ನಮಾಜಲ್ಲೂ ಬರುತ್ತೆ. ಬರ್ಲೇಬೇಕಲ್ಲ."

ಹೆದರ್ ಪೆನ್ನು ಕೆಳಗಿಟ್ಟಳು. ಅದಕ್ಕಾಗಿ ಏನಾದರೂ ತಯಾರಿ ಮಾಡಿಕೊಂಡಿದ್ದೀರಾ ಎಂದು ಮೆಲ್ಲಗೆ ಕೇಳಿದಳು.

"ಎಲ್ಲಾ ಆಗಿದೆ," ಎಂದಳು ರೇಶಮ್ ಜಾನ್, ಇಂಥ ಅಚ್ಚುಕಟ್ಟನ್ನು ಈ ಹುಡುಗಿಯಾದರೂ ಮೆಚ್ಚಿಕೊಳ್ಳಲಿ ಎಂದು. "ಬಟ್ಟೆ ತಂದು ಹದಿನಾಲ್ಕು ವರ್ಷ ಆಯ್ತು. ಮಂಚದ ಕೆಳಗಿನ ಪೆಟ್ಟಿಗೇಲಿದೆ. ಸೊಸೆಗೂ ತೋರ್ಸಿದ್ದೀನಿ."

ಹೆದರಳ ಮುಖದ ಚುಕ್ಕಿಗಳು ಮಾತ್ರ ಉಳಿದು, ಮಿಕ್ಕ ಬಣ್ಣವೆಲ್ಲ ಇಳಿದುಹೋಯಿತು. ಅವಳ ಕೈ ಫೋನಿನತ್ತ ಹೋದದ್ದನ್ನು ಕಂಡು ಅಂಬರೀನ್ ಗಾಬರಿಯಿಂದ ನಡುವೆ ಬಂದಳು. ಅದು ಕಫನ್ನು, ಸತ್ತಾಗ ಉಡಿಸುವ ಬಟ್ಟೆ, ಹಜ್ಜಿಗೆ ಹೋದವರು ಮೆಕ್ಕಾದ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿ ತಂದಿಟ್ಟುಕೊಳ್ಳುತ್ತಾರೆ, ತನ್ನಜ್ಜಿಯದೂ ಇದೆ, ಬೀದಿಯ ಅರ್ಧ ಮನೆಗಳಲ್ಲಿದೆ. ಸಾವನ್ನು ನೆನೆಯುವುದು ಬೇರೆ, ಸಾಯಬೇಕೆನ್ನುವುದು ಬೇರೆ ಎಂದಳು. ಹೆದರ್ ಮತ್ತೆ ನೇರವಾಗಿ ಕೇಳಿದಳು, ತನ್ನ ಜೀವ ತಾನೇ ತೆಗೆದುಕೊಳ್ಳುವ ಮನಸ್ಸಾಗುತ್ತದೆಯೇ ಎಂದು. ಈಗ ಬೆಚ್ಚಿಬೀಳುವ ಸರದಿ ರೇಶಮ್ ಜಾನಳದು. ಅದು ಮಹಾಪಾಪ, ಅಲ್ಲದೆ ರಂಜಾನಿಗೆ ಇನ್ನು ಎರಡೇ ತಿಂಗಳು, ಮನೆ ತುಂಬ ಕೆಲಸ. ಹೆದರ್ ಉಸಿರು ಬಿಟ್ಟಳು, ಒಂದು ಖರ್ಜೂರ ತಾನೇ ಬಾಯಿಗೆ ಹಾಕಿಕೊಂಡಳು. ಆ ಹುಡುಗಿಯ ಮೇಲೆ ರೇಶಮ್ ಜಾನಳಿಗೆ ಕನಿಕರ ಹುಟ್ಟಿದ್ದು ಆಗಲೇ. ಮುಂದಿನ ವಾರ ಬರುವುದಾಗಿ ಒಪ್ಪಿದಳು.

ಹೆದರ್ ಒಳ್ಳೆಯವಳು, ಆದರೆ ಹುಡುಕುತ್ತಿದ್ದದ್ದೆಲ್ಲ ದೊಡ್ಡ ದೊಡ್ಡ ದುಃಖ. ಮುಸ್ಲಿಮರನ್ನು ಹೇಗೆ ನೋಡಿಕೊಳ್ಳಬೇಕೆಂದು ಅವಳಿಗೆ ಎರಡು ದಿನದ ತರಬೇತಿಯಾಗಿತ್ತಂತೆ, ಅದರ ಕಡತ ತೊಡೆಯ ಮೇಲೇ ಇರುತ್ತಿತ್ತು. ಒಂದು ವಾರ ಮದುವೆಯ ಬಗ್ಗೆ ಕೇಳಿದಳು. ಹತ್ತೊಂಬತ್ತಕ್ಕೇ ಮದುವೆ ಮಾಡಿದರೇ ಎಂದು ಮರುಗಿದಳು. ತಾನೇ ಹಟ ಹಿಡಿದು ಆದದ್ದು, ಕರಮ್‌ದಾದ್‌ನ ಮೀಸೆ ಆಗ ನೋಡಬೇಕಿತ್ತು ಎಂದಳು ರೇಶಮ್ ಜಾನ್. ಇನ್ನೊಂದು ವಾರ ಸೊಸೆಯ ಜೊತೆ ಹೊಂದಾಣಿಕೆ ಹೇಗೆ ಎಂದು ಕೇಳಿದಳು. ಸೊಸೆಗೆ ಉಪ್ಪು ಹಾಕಲು ಬರುವುದಿಲ್ಲ, ಉಳಿದಂತೆ ಬಂಗಾರ. ಹುಟ್ಟಿದೂರು ಯಾವುದು ಎಂಬ ಮಾತು ಬಂದಾಗ, ಅಣೆಕಟ್ಟಿನಲ್ಲಿ ಮುಳುಗಡೆಯಾಯಿತು, ತನಗಾಗ ಹತ್ತು ವರ್ಷ, ಚಳಿಗಾಲದಲ್ಲಿ ನೀರಿಳಿದರೆ ಈಗಲೂ ದರ್ಗಾದ ಗುಮ್ಮಟ ಕಾಣುತ್ತದೆ ಎಂದಳು. ಹೆದರಳ ಕಣ್ಣು ಅಗಲವಾದವು. ಎದೆ ಬೀಳುವುದು ಅದಕ್ಕೇ ಇರಬಹುದೇ?

"ಅದಕ್ಕೆ ನಮ್ಮಮ್ಮ ಅತ್ತಳು, ನಮ್ಮಜ್ಜಿ ಅತ್ತಳು, ನಾವೆಲ್ಲ ಸೇರಿ ಅತ್ತು ಮುಗಿಸಿದ್ದೀವಿ. ಅದು ಬಾಕಿ ಇಲ್ಲ ಮಗಾ."

ಎರಡು ಲೋಕಗಳ ನಡುವೆ ಸಿಕ್ಕಿಕೊಂಡ ಹಾಗೆ ಅನ್ನಿಸುತ್ತದೆಯೇ ಎಂದು ಹೆದರ್ ಕೊನೆಯ ಬಾಣ ಬಿಟ್ಟಳು. ರೇಶಮ್ ಜಾನ್ ತುಸು ಯೋಚಿಸಿ, ತನ್ನ ಮನೆಯಿರುವುದು ಎರಡು ಬಸ್ ಸ್ಟಾಪುಗಳ ನಡುವೆ, ಬೇರೆ ತೊಂದರೆಯಿಲ್ಲ ಎಂದಳು. ಅಂಬರೀನ್ ಅದನ್ನು ಹೇಗೆ ಹೇಳಿದಳೋ, ಮೂವರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅಂದಿನಿಂದ ಆ ಕಡತ ಮೇಜಿನ ಕೆಳಗೆ ಹೋಯಿತು. ಎದೆ ಬೀಳುವಾಗ ಉಸಿರು ಎಣಿಸುವುದನ್ನು ಹೆದರ್ ಕಲಿಸಿದಳು. ಬೆರಳೆಣಿಕೆಗಿಂತ ತಸ್ಬೀಹ್ ಸರದ ಜಪಮಣಿಯಲ್ಲೇ ಸಲೀಸು ಎಂದು ಇವಳು ತೋರಿಸಿದ ಮೇಲೆ, ಹಾಗೇ ಆಗಲಿ ಎಂದು ಒಪ್ಪಿದಳು. ಅಷ್ಟರಿಂದ ಬೀಳುವ ಎದೆ ಅರ್ಧ ದಾರಿಯಲ್ಲಿ ನಿಲ್ಲುವಷ್ಟಾಯಿತು. ತಳ ಮಾತ್ರ ಸಿಕ್ಕಿರಲಿಲ್ಲ.

ಆರನೆಯ ವಾರ ಹೆದರ್ ಬರಲಿಲ್ಲ, ಏಳನೆಯ ವಾರ ಬಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಏನಾಯಿತೆಂದು ಕೇಳಿದರೆ, ಅಂಥ ಮಾತು ತಾನು ಆಡಬಾರದು, ಇದು ನಿಮ್ಮ ಸಮಯ ಎಂದಳು. ರೇಶಮ್ ಜಾನ್ ಬಿಡಲಿಲ್ಲ. ಹೆದರಳ ಅಜ್ಜಿ ತೀರಿಕೊಂಡಿದ್ದಳು.

ರೇಶಮ್ ಜಾನ್ ಅದಕ್ಕೆ ಹೇಳಬೇಕಾದ ಮಾತು ಹೇಳಿ, ದುವಾ ಮಾಡಿ, ಮುಖದ ಮೇಲೆ ಕೈಯಾಡಿಸಿಕೊಂಡಳು. ಆಮೇಲೆ ಕೇಳಿದಳು:

"ಮೀಯಿಸಿದ್ದು ಯಾರು?"

ಹೆದರಳಿಗೆ ಗೊತ್ತಿರಲಿಲ್ಲ. ಅಂತ್ಯಕ್ರಿಯೆಯ ಕಂಪನಿಯವರು ಮಾಡಿರಬೇಕು ಎಂದಳು. ನೀರು ಬೆಚ್ಚಗಿತ್ತೇ? ಗೊತ್ತಿಲ್ಲ. ಕೂದಲು ಯಾರು ತೊಳೆದರು? ಗೊತ್ತಿಲ್ಲ. ಮನೆಯವರು ಯಾರಾದರೂ ಮೈ ಮುಟ್ಟಿದರೇ? ಹೆದರ್ ತಲೆಯಾಡಿಸಿದಳು, ಇಲ್ಲವೆಂದು. ಇಷ್ಟು ವಾರಗಳಲ್ಲಿ ರೇಶಮ್ ಜಾನ್ ತನ್ನ ಕೆಲಸದ ಮಾತೇ ಎತ್ತಿರಲಿಲ್ಲ. ಹಾಳೆಯಲ್ಲಿ ಗೃಹಿಣಿ ಎಂದು ಬರೆಸಿದ್ದಳು. ಇಂಗ್ಲಿಷ್ ಜನ ಸಾವಿನ ಮಾತಿಗೆ ಹೆದರುತ್ತಾರೆಂದು ಮೊದಲ ದಿನವೇ ಕಂಡಿದ್ದಳಲ್ಲ. ಈಗ ಆ ಹುಡುಗಿಯ ಮುಖ ನೋಡಿ ತಡೆಯಲಾಗಲಿಲ್ಲ. ಸೋಫಾದ ಮೇಲಿನ ಉದ್ದ ದಿಂಬನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದಳು, ತನ್ನ ದುಪಟ್ಟಾ ಅದಕ್ಕೆ ಹೊದಿಸಿದಳು. ನೋಡು, ನಮ್ಮಲ್ಲಿ ಹೀಗೆ ಎಂದಳು.

ಎಷ್ಟೇ ಹತ್ತಿರದವಳಾದರೂ ಮೈ ಬತ್ತಲೆ ಮಾಡುವುದಿಲ್ಲ, ಹೊದಿಕೆಯ ಒಳಗೇ ಕೈಯಾಡಬೇಕು. ನೀರಿಗೆ ಬೋರೆ ಎಲೆ ಹಾಕಿ ಕಾಯಿಸಬೇಕು, ಬದುಕಿದ್ದವರ ಮೈಗೆ ಹಿತವಾಗುವಷ್ಟೇ ಬೆಚ್ಚಗೆ. ಹೊಟ್ಟೆ ಮೆಲ್ಲಗೆ ಒತ್ತಬೇಕು, ಮಗುವಿನ ಹೊಟ್ಟೆ ಒತ್ತುವ ಹಾಗೆ. ಮೊದಲು ನಮಾಜಿಗೆ ಕೈಕಾಲು ಮುಖ ತೊಳೆಸುವ ಹಾಗೆ ತೊಳೆಸಬೇಕು. ಆಮೇಲೆ ಬಲಮಗ್ಗುಲು, ಆಮೇಲೆ ಎಡಮಗ್ಗುಲು. ಕೊನೆಯ ನೀರಿಗೆ ಕರ್ಪೂರ. ಮಾತು ಕಡಿಮೆ, ಆದರೆ ತಾನು ಮಾತ್ರ ಅವರ ಜೊತೆ ಮಾತಾಡುತ್ತೇನೆ: ಈಗ ತಿರುಗಿಸ್ತೀನಿ ತಾಯಿ, ಈಗ ಸ್ವಲ್ಪ ನೀರು ಹಾಕ್ತೀನಿ. ಅವಳ ಕೈಗಳು ದಿಂಬಿನ ಮೇಲೆ ಹಗುರವಾಗಿ ಓಡಾಡುತ್ತಿದ್ದವು. ಅಂಬರೀನ್ ಭಾಷಾಂತರ ಮಾಡುವುದನ್ನು ಮರೆತು ನೋಡುತ್ತಿದ್ದಳು. ಹೆದರ್ ಕೂಡ ಕೇಳುವುದನ್ನು ಬಿಟ್ಟು ನೋಡುತ್ತಿದ್ದಳು.

"ಆಮೇಲೆ ಕೂದ್ಲು. ಎರಡು ಪಾಲು ಮಾಡಿ ಎದೆ ಮೇಲೆ..."

ಕೈ ಅಲ್ಲೇ ನಿಂತಿತು.

ಫಜಲ್ ಜಾನ್ ಎಂಬ ಗೆಳತಿ ಇದ್ದಳು. ಇಬ್ಬರೂ ಒಂದೇ ವಿಮಾನದಲ್ಲಿ ಬಂದ ಮದುಮಕ್ಕಳು, ಒಂದೇ ಗಿರಣಿ, ಗೋಡೆಗೆ ಗೋಡೆ ಹೊಂದಿದ ಮನೆ. ಮೀಯಿಸುವ ಕೆಲಸದಲ್ಲೂ ಜೊತೆ. ಇವಳು ಮೈಯುಜ್ಜಿದರೆ ಅವಳು ನೀರು ಹಾಕುವಳು. ಯಾರು ಮೊದಲು ಹೋದರೂ ಇನ್ನೊಬ್ಬಳು ಮೀಯಿಸಬೇಕೆಂದು ನಗುನಗುತ್ತ ಮಾತಾಗಿತ್ತು. ತನ್ನ ಉದ್ದ ಕೂದಲನ್ನು ಸಿಕ್ಕು ಉಳಿಯದ ಹಾಗೆ ಪಾಲು ಮಾಡಬೇಕೆಂದು ಫಜಲ್ ತಾಕೀತು ಮಾಡಿದ್ದಳು. ಸೋಂಕಿನ ವರ್ಷದ ವಸಂತದಲ್ಲಿ ಹನ್ನೊಂದೇ ದಿನದಲ್ಲಿ ಅವಳು ಹೋದಳು. ಆ ವಾರಗಳಲ್ಲಿ ಮೈ ಮುಟ್ಟುವಂತಿರಲಿಲ್ಲ. ಮುಚ್ಚಿದ ಚೀಲದ ಮೇಲೆಯೇ ಯಾರೋ ನೀರಿನ ಬದಲು ಮಣ್ಣಿನ ಕೈ ಸವರಿ ಶಾಸ್ತ್ರ ಮುಗಿಸಿದರು. ರೇಶಮ್ ಜಾನಳಿಗೆ ಸಕ್ಕರೆ ಕಾಯಿಲೆ, ಮನೆ ಬಿಟ್ಟು ಹೊರಡಕೂಡದು ಎಂದು ಆಜ್ಞೆಯಾಗಿತ್ತು. ವ್ಯಾನು ಬೀದಿಯಲ್ಲಿ ಒಂದು ನಿಮಿಷ ನಿಂತು ಹೋಯಿತು, ಅವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಆರು ವಾರಕ್ಕೆ ನಿಯಮ ಸಡಿಲವಾಗಿ ಮೀಯಿಸಲು ಮತ್ತೆ ಅವಳನ್ನು ಕರೆದರು. ಆಗಲೇ ಮಣಿಕಟ್ಟು ನೋವು ಶುರುವಾದದ್ದು.

"ಮುನ್ನೂರು ಜನರನ್ನ ಮೀಯಿಸಿದೆ," ಎಂದಳು ರೇಶಮ್ ಜಾನ್. "ಮುಖ ನೋಡದವರನ್ನೂ ಮೀಯಿಸಿದೆ. ಅವಳೊಬ್ಬಳನ್ನ ಹಾಗೇ ಕಳ್ಸಿಬಿಟ್ಟೆ."

ಆಮೇಲೆ ಅವಳು ಅತ್ತಳು. ಮೂರು ವರ್ಷದ ಅಳು, ದಿಂಬನ್ನು ಅಪ್ಪಿಕೊಂಡು, ಮೂಗು ಸೀಟುತ್ತ, ಗಟ್ಟಿಯಾಗಿ. ಸ್ವಲ್ಪ ಹೊತ್ತಿನ ನಂತರ ಹೆದರ್ ಬಂದು ದಿಂಬಿನ ಇನ್ನೊಂದು ತುದಿ ಹಿಡಿದು ಕೂತಳು. ಸಮಯ ಮುಗಿದರೂ ಯಾರೂ ಏಳಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ರೇಶಮ್ ಜಾನಳಿಗೆ ಮೈ ಹಗುರವಾಗಿ, ಹಸಿವು ಕಾಣಿಸಿಕೊಂಡಿತು. ದಾರಿಯಲ್ಲಿ ಇಳಿದು ಸಮೋಸ ತಿಂದಳು, ಒಂದಲ್ಲ, ನಾಲ್ಕು.

ಮರುದಿನ ಅವಳೇ ಮಸೀದಿಗೆ ಹೋಗಿ ಇಮಾಮರನ್ನು ಕಂಡಳು. ಸೋಂಕಿನಲ್ಲಿ ಹೋದವರು ಹುತಾತ್ಮರ ಸಮಾನ, ಮಣ್ಣಿನ ಶುದ್ಧಿ ಅವರಿಗೆ ಸಾಕಾಯಿತು ಎಂದು ಆ ಎಳೆಯ ಇಮಾಮರು ಸಮಾಧಾನ ಹೇಳಿದರು.

"ಗೊತ್ತು ಮೌಲಾನಾ. ಫಜಲ್‌ಗೆ ಸಾಕಾಯ್ತು. ನನಗೆ ಸಾಲ್ಲಿಲ್ಲ."

ಇಮಾಮರು ಗಡ್ಡ ನೀವಿಕೊಂಡರು. ಆಮೇಲೆ, ಹೆಂಗಸರನ್ನು ಮೀಯಿಸಬಲ್ಲವರು ಈ ಭಾಗದಲ್ಲಿ ಈಗ ಇಬ್ಬರೇ ಉಳಿದಿದ್ದಾರೆ, ಇಬ್ಬರಿಗೂ ಎಪ್ಪತ್ತು ದಾಟಿದೆ, ಎಳೆಯರಿಗೆ ಕಲಿಸುವವರಿಲ್ಲ ಎಂದರು. ಮುಂದಿನ ವಾರ ಇದನ್ನು ಹೆದರಳಿಗೆ ಹೇಳಿದಾಗ, ನಿಮಗೇನು ಅನ್ನಿಸುತ್ತದೆ ಎಂದು ಅವಳು ಕೇಳಿದಳು. ಹೆದರಿಕೆಯಾಗುತ್ತದೆ ಎಂದಳು ರೇಶಮ್ ಜಾನ್. ಹಾಗಾದರೆ ಮೊದಲು ದಿಂಬಿನ ಮೇಲೆಯೇ ಮಾಡೋಣ ಎಂದು ಹೆದರ್ ಮೇಜು ತೆರವು ಮಾಡಿದಳು. ನಾಲ್ಕು ವಾರ ಅವರು ಅದನ್ನೇ ಮಾಡಿದರು. ಕೂದಲಿಗೆ ಬದಲು ಉಣ್ಣೆಯ ಎಳೆ.

ಇಷ್ಟರಲ್ಲಿ ಮಖ್ಖನ್ ಬೀಯ ಸಹನೆ ಮುಗಿದಿತ್ತು. ಹತ್ತು ವಾರದಿಂದ ಮಂಡಿ ಡಾಕ್ಟರ ಹತ್ತಿರ ಹೋಗುವವಳು ಮೊದಲಿನ ಹಾಗೇ ಕುಂಟದೆ ನಡೆಯುತ್ತಾಳೆ, ಮೊದಲೂ ಕುಂಟುತ್ತಿರಲಿಲ್ಲ. ಒಂದು ಬುಧವಾರ ಅವಳು ಇವಳ ಬಸ್ಸಿನ ಬೆನ್ನಿಗೇ ಬಂದ ಬಸ್ಸು ಹತ್ತಿದಳು. ಕಾಯುವ ಜಾಗದಲ್ಲಿ ರೇಶಮ್ ಜಾನ್ ಕೂತಿದ್ದಾಗ ಪಕ್ಕದ ಕುರ್ಚಿ ಕಿರುಗುಟ್ಟಿತು. ತಿರುಗಿದರೆ ಮಖ್ಖನ್ ಬೀ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಬೋರ್ಡು ನೋಡುತ್ತಿದ್ದಳು. ಇಂಗ್ಲಿಷ್ ಅವಳಿಗೆ ಓದಲು ಬಾರದು. ಆದರೆ ಅದರ ಕೆಳಗೇ ಉರ್ದುವಿನಲ್ಲೂ ಬರೆದಿತ್ತು.

"ಇದು ಮಂಡಿ ಡಾಕ್ಟರಲ್ಲ," ಎಂದಳು ಮಖ್ಖನ್ ಬೀ.

"ಅಲ್ಲ."

"ನನಗೊಂದು ಮಾತು ಹೇಳ್ಲಿಲ್ಲ."

"ನಿನಗೆ ಹೇಳೋದೂ ಒಂದೇ, ಮಸೀದಿ ಮೈಕಲ್ಲಿ ಹೇಳೋದೂ ಒಂದೇ."

ಮಖ್ಖನ್ ಬೀ ಉತ್ತರ ಕೊಡಲಿಲ್ಲ. ಅದೇ ಒಂದು ಸೋಜಿಗ. ಕೈಚೀಲ ತೆರೆದು ಒಂದು ವಿಟಮಿನ್ ಡಬ್ಬಿ ತೆಗೆದು ಇವಳ ಕೈಯಲ್ಲಿಟ್ಟಳು. ಒಳಗಿದ್ದದ್ದು ವಿಟಮಿನ್ನಲ್ಲ. ಕಿರಿಮಗಳು ತೀರಿಕೊಂಡಾಗಿನಿಂದ, ಹನ್ನೊಂದು ವರ್ಷವಾಯಿತು, ದಿನಾ ಬೆಳಿಗ್ಗೆ ಮನಸ್ಸಿಗೆಂದು ಒಂದು ಮಾತ್ರೆ. ಗಂಡನಿಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ಈ ಊರಿನ ಯಾವ ಮನೆಯಲ್ಲಿ ಏನು ಬೆಂದಿತೆಂದು ತಿಳಿಯುವ ಹೆಂಗಸು ಇಷ್ಟು ವರ್ಷ ಇದನ್ನು ಹೇಗೆ ಬಚ್ಚಿಟ್ಟಳು ಎಂದು ರೇಶಮ್ ಜಾನ್ ಬೆರಗಾದಳು.

"ಊರಿನ ಸುದ್ದಿಯೆಲ್ಲಾ ನಾನೇ ಹಂಚ್ತಾ ಇದ್ರೆ, ನನ್ನ ಸುದ್ದಿ ಯಾರೇ ಕೇಳ್ತಾರೆ?"

ರೇಶಮ್ ಜಾನ್ ಡಬ್ಬಿಯ ಮುಚ್ಚಳ ಬಿಗಿದು ಅವಳ ಕೈಚೀಲಕ್ಕೇ ಹಾಕಿದಳು. ಒಳಗಿನಿಂದ ಅಂಬರೀನ್ ಕರೆಯಲು ಬಂದವಳು, ತನ್ನ ದೊಡ್ಡಜ್ಜಿಯನ್ನು ಕಂಡು ಬಾಗಿಲಿಗೇ ಅಂಟಿದಳು. ನಾನೇನೂ ಹೇಳಿಲ್ಲ ಖಾಲಾ ಎಂದು ಅವಳು ತೊದಲಿದ್ದಕ್ಕೆ, ಇವಳಿಗೆ ಹೇಳಬೇಕಾಗಿಯೇ ಇಲ್ಲ ಮಗಾ, ವಾಸನೆ ಹಿಡಿದು ಬರುತ್ತಾಳೆ ಎಂದಳು ರೇಶಮ್ ಜಾನ್. ಅಂದು ಒಳಗೆ ಹೋಗುವಾಗ ಮಖ್ಖನ್ ಬೀಯನ್ನೂ ಕೈಹಿಡಿದು ಕರೆದೊಯ್ದಳು. ಮುಕ್ಕಾಲು ಗಂಟೆಯಲ್ಲಿ ನಲವತ್ತು ನಿಮಿಷ ಮಖ್ಖನ್ ಬೀಯೇ ಮಾತಾಡಿದಳು. ಹೆದರ್ ಅವಳ ಹೆಸರಿನಲ್ಲಿ ಬೇರೆಯದೇ ಒಂದು ದಿನ ಬರೆದುಕೊಂಡಳು.

ರೇಶಮ್ ಜಾನ್ ಎಳೆಯರಿಗೆ ಹೇಳಿಕೊಡುವ ಪಾಠ ಶುರುವಾದದ್ದು ಈದ್ ಮುಗಿದ ಎರಡನೇ ಶನಿವಾರ, ಬೆಳಿಗ್ಗೆ, ಮಸೀದಿಯ ಹಿಂಬದಿಯ ಮೀಯಿಸುವ ಕೋಣೆಯಲ್ಲಿ. ಹದಿನಾಲ್ಕು ಜನ ಬಂದಿದ್ದರು. ಒಬ್ಬಳು ನರ್ಸು, ಇಬ್ಬರು ಕಾಲೇಜಿನವರು, ಔಷಧಿ ಅಂಗಡಿಗೆ ರಜೆ ಹಾಕಿ ಬಂದ ತಹ್ಮೀನಾ. ಹೆದರಳ ಹನ್ನೆರಡು ವಾರದ ಚಿಕಿತ್ಸೆಯ ಲೆಕ್ಕ ಮುಗಿದಿತ್ತು. ಅವಳು ತನ್ನ ಮೇಲಿನವರನ್ನು ಕೇಳಿ ಒಪ್ಪಿಗೆ ಪಡೆದು, ಹೂವಿನ ಸ್ಕಾರ್ಫ್ ಕಟ್ಟಿಕೊಂಡು ಬಂದಿದ್ದಳು. ಸ್ಕಾರ್ಫ್ ಕಟ್ಟಿದ ಚಂದಕ್ಕೆ ತಹ್ಮೀನಾ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅಭ್ಯಾಸಕ್ಕೆಂದು ಮಸೀದಿಯವರು ಒಂದು ಬೊಂಬೆ ತರಿಸಿದ್ದರು. ರಟ್ಟು ಬಿಚ್ಚಿ ನೋಡಿದರೆ ಬಟ್ಟೆ ಅಂಗಡಿಯ ಬೊಂಬೆ, ಒಂದು ಕೈ ಇಲ್ಲ, ಮೇಲಾಗಿ ಗಂಡಸು. ಚಿಗುರು ಮೀಸೆ ಬೇರೆ.

"ಹೆಂಗಸರ ಕೋಣೇಲಿ ಈ ಯಜಮಾನ್ರಿಗೇನು ಕೆಲಸ?" ಎಂದು ಮಖ್ಖನ್ ಬೀ ಅವನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ತಾನೇ ಮೇಜು ಹತ್ತಿ ಮಲಗಿದಳು.

ರೇಶಮ್ ಜಾನ್ ಅವಳ ಬಟ್ಟೆಯ ಮೇಲೆಯೇ ಹೊದಿಕೆ ಹೊದಿಸಿದಳು. ಪಾಠ ಮುಂದುವರಿಯಿತು, ಹೆಣದ ಅಡ್ಡಮಾತುಗಳ ಜೊತೆಗೆ. ಬಲಗಡೆ ತಿರುಗಿಸುವಾಗ ಕಚಗು‍ಳಿಯಾಗುತ್ತದೆ ಎಂದಿತು. ಚೊಂಬು ಹಿಡಿದಿದ್ದ ಹೆದರಳ ಕೈ ತಪ್ಪಿ ಕಿವಿಗೆ ನೀರು ಹೋಗಲು, ಈ ಬಿಳಿ ಹುಡುಗಿಯನ್ನು ಪಾದದ ಕಡೆಗೆ ಕಳಿಸಿ ಎಂದಿತು. ಕಾಲೇಜಿನ ಹುಡುಗಿಯರು ನಗು ತಡೆಯಲಾರದೆ ಹೊರಗೆ ಹೋಗಿ ಬಂದರು. ಸತ್ತವರು ಮಾತಾಡುವುದಿಲ್ಲ ಎಂದು ರೇಶಮ್ ಜಾನ್ ಮೂರು ಸಲ ಗದರಿಸಿದಳು.

ಕೊನೆಗೆ ಕೂದಲಿಗೆ ಬಂದರು. ಮಖ್ಖನ್ ಬೀಯದು ಮದರಂಗಿ ಹಚ್ಚಿದ ಕೆಂಪು ಕೂದಲು, ತೆಳ್ಳಗೆ. ರೇಶಮ್ ಜಾನ್ ಅದನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು ನಿಂತಳು. ಎದೆ ಇಳಿಯತೊಡಗಿದ್ದು ಅವಳಿಗೆ ಗೊತ್ತಾಯಿತು. ಉಸಿರೆಣಿಸುತ್ತ ಅದು ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ ಎಂದು ಬಿಟ್ಟಳು. ಮಖ್ಖನ್ ಬೀ ಕಣ್ಣು ಮುಚ್ಚಿಕೊಂಡೇ, ಇವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಫಜಲ್‌ದು ಇದರ ಮೂರರಷ್ಟಿತ್ತು ಕಣೇ. ನಿಧಾನಕ್ಕೆ ಮಾಡು. ನನಗೇನು ಅವಸರ ಇಲ್ಲ."

ರೇಶಮ್ ಜಾನ್ ನಿಧಾನಕ್ಕೇ ಮಾಡಿದಳು. ಸಿಕ್ಕು ಬೆರಳಲ್ಲೇ ಬಿಡಿಸಿ, ಎರಡು ಪಾಲು ಮಾಡಿ, ಎದೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಇಳಿಬಿಟ್ಟು, ಅಂಗೈಯಿಂದ ನೀವಿ ನೇರ ಮಾಡಿದಳು. ಆಮೇಲೆ ತಲೆಯೆತ್ತಿ, ನೋಡಿಕೊಂಡಿರಾ, ಈಗ ಒಬ್ಬೊಬ್ಬರೇ ಬನ್ನಿ ಎಂದಳು. ಹದಿನಾಲ್ಕು ಜನವೂ ಬಂದು ಮಾಡುವವರೆಗೆ ಮಖ್ಖನ್ ಬೀ ಅಲುಗಾಡದೆ ಮಲಗಿದ್ದಳು. ಅವಳು ನಿಜವಾಗಿಯೂ ನಿದ್ದೆ ಹೋಗಿದ್ದಾಳೆಂದು ತಿಳಿದದ್ದು ಗೊರಕೆ ಕೇಳಿದಾಗ.

ಎದೆ ಬೀಳುವುದು ಪೂರ್ತಿ ನಿಲ್ಲಲಿಲ್ಲ. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಬರುತ್ತಿತ್ತು, ಬಂದು ಹೋಗುತ್ತಿತ್ತು. ಬಂದಾಗ ರೇಶಮ್ ಜಾನ್ ಈಗ ಎದುರು ಮನೆಗೇ ಹೋಗಿ ಹೇಳುವಳು, ಮಖ್ಖನ್ ಬೀ ಚಹಾಕ್ಕೆ ಇಡುವಳು. ಬೀದಿಯಲ್ಲಿ ಸುದ್ದಿ ಹಬ್ಬದೆ ಇರಲಿಲ್ಲ. ಹಬ್ಬಿಸಿದವಳು ಮಖ್ಖನ್ ಬೀಯೇ, ತನ್ನ ಡಬ್ಬಿಯ ಸಂಗತಿಯನ್ನೂ ಸೇರಿಸಿ. ನಾಲ್ಕು ದಿನ ಜನ ಪಿಸುಗುಟ್ಟಿದರು. ಐದನೇ ದಿನ ತಿರುವಿನ ಮನೆಯ ಹೆಂಗಸು ಮೆಲ್ಲಗೆ ಬಂದು, ಆ ಮಂಡಿ ಡಾಕ್ಟರ ನಂಬರು ಇದ್ದರೆ ಕೊಡುತ್ತೀರಾ ಎಂದು ಕೇಳಿದಳು.

ಜೂನ್ ತಿಂಗಳಲ್ಲಿ ತೊಂಬತ್ತರ ಒಬ್ಬ ಅಜ್ಜಿ ತೀರಿಕೊಂಡರು. ಅವರ ಮಗಳು ಫೋನು ಮಾಡಿ, ನಿಮ್ಮ ಮಣಿಕಟ್ಟು ಹೇಗಿದೆ ಖಾಲಾ ಎಂದು ಹಿಂಜರಿಯುತ್ತ ಕೇಳಿದಳು. ವಾಸಿಯಾಗಿದೆ, ಬಂದೆ ಎಂದಳು ರೇಶಮ್ ಜಾನ್. ನರ್ಸನ್ನೂ ತಹ್ಮೀನಾಳನ್ನೂ ಜೊತೆಗೆ ಕರೆದುಕೊಂಡು ಹೋದಳು. ಮಧ್ಯಾಹ್ನ ಮನೆಗೆ ಬಂದು, ತಾನೂ ಸ್ನಾನ ಮಾಡಿ, ಬೇಳೆ ರೊಟ್ಟಿ ಹೊಟ್ಟೆ ತುಂಬ ಉಂಡು ಸೋಫಾದ ಮೇಲೆ ಒರಗಿದಳು. ಕರಮ್‌ದಾದ್ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದ. ಹೇಗಾಯಿತು ಎಂದು ಅವನು ಕೇಳಲಿಲ್ಲ, ಅವಳ ಮುಖವನ್ನೊಮ್ಮೆ ನೋಡಿದ.

"ಏನು ಹಾಗೆ ನೋಡೋದು?" ಎಂದಳು ಅವಳು, ಅರ್ಧ ಕಣ್ಣು ಮುಚ್ಚಿ.

"ಏನಿಲ್ಲ ಕಣೇ ಜಾನ್," ಎಂದ ಅವನು, ಟಿವಿಯ ದನಿ ತಗ್ಗಿಸುತ್ತ. "ನೀನು ಮಲ್ಕೋ."